ಸಂಬಳವಿಲ್ಲದ ಸೋಲ್ಜರ್

ನ್ಯೂಯಾರ್ಕ್‌ನ ಮಾಫಿಯಾ ಕುಟುಂಬಕ್ಕೆ ಸೇರಿದ ಕೆಳಹಂತದವನಿಗೆ ಸಂಬಳ ಬರುವುದಿಲ್ಲ. ವಾರದ ಬಟವಾಡೆಯಿಲ್ಲ, ಪಿಂಚಣಿಯಿಲ್ಲ, ಕೈಕಾಲು ಮುರಿದರೆ ಆಸ್ಪತ್ರೆ ಖರ್ಚಿಗೆ ವಿಮೆಯಿಲ್ಲ. ಅವನೇ ದುಡಿದು ತರಬೇಕು, ತಂದದ್ದರಲ್ಲಿ ಪಾಲನ್ನು ಮೇಲಿನವನಿಗೆ ಮುಟ್ಟಿಸಬೇಕು. ಡಾನ್ ಎಂದರೆ ಹುಡುಗರನ್ನು ಸಾಕುವವನು ಎಂದು ಸಿನಿಮಾ ನೋಡಿ ನಂಬಿದವರಿಗೆ ಇದು ತಲೆಕೆಳಗಾಗಿ ಕಾಣಬಹುದು. ಕೋರ್ಟುಗಳಲ್ಲಿ ಕೇಳಿಸಿದ ಟೇಪುಗಳು, ಮಾಫಿ ಸಾಕ್ಷಿಗಳ ಹೇಳಿಕೆಗಳು, ಸೆನೆಟ್ ವಿಚಾರಣೆಯ ದಾಖಲೆಗಳು ಹೇಳುವುದು ಮಾತ್ರ ಒಂದೇ ಕತೆ: ಅಲ್ಲಿ ಡಾನ್‌ನನ್ನು ಸಾಕುವವರು ಹುಡುಗರು. ಹಣ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಅಪಾಯ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಈ ಬರಹ ಆ ಏಣಿಯ ಕೊನೆಯ ಎರಡು ಮೆಟ್ಟಿಲುಗಳ ಬಗ್ಗೆ.

ಏಣಿ ಹೀಗಿದೆ. 1931ರಲ್ಲಿ ಸಾಲ್ವತೋರ್ ಮರಾಂಜಾನೊ ನ್ಯೂಯಾರ್ಕ್‌ನ ಇಟಾಲಿಯನ್ ಗುಂಪುಗಳನ್ನು ಐದು ಕುಟುಂಬಗಳಾಗಿ ವಿಂಗಡಿಸಿದ. ಇಂದು ಅವುಗಳನ್ನು ಗ್ಯಾಂಬಿನೊ, ಜೆನೊವೀಸ್, ಲುಕೇಸಿ, ಬೊನಾನೊ, ಕೊಲಂಬೊ ಎಂದು ಕರೆಯುತ್ತಾರೆ. ಪ್ರತಿ ಕುಟುಂಬಕ್ಕೂ ಒಬ್ಬ ಬಾಸ್, ಒಬ್ಬ ಅಂಡರ್‌ಬಾಸ್, ಸಲಹೆಗಾರನಾಗಿ ಒಬ್ಬ ಕಾನ್ಸಿಲಿಯೆರಿ. ಅವರ ಕೆಳಗೆ ಕ್ಯಾಪ್ಟನ್‌ಗಳು, ಒಬ್ಬೊಬ್ಬ ಕ್ಯಾಪ್ಟನ್ ಕೈಕೆಳಗೆ ಒಂದಷ್ಟು ಸೋಲ್ಜರ್‌ಗಳು. ಪ್ರಮಾಣ ಮಾಡಿ ಸೇರಿದವರ ಪಟ್ಟಿ ಸೋಲ್ಜರ್‌ಗೆ ಮುಗಿಯುತ್ತದೆ. ಅದರ ಆಚೆ, ಲೆಕ್ಕಕ್ಕೆ ಸಿಗದಷ್ಟು ಮಂದಿ ಅಸೋಸಿಯೇಟ್‌ಗಳು: ಬುಕ್ಕಿಗಳು, ಲಾರಿ ಚಾಲಕರು, ಕದ್ದ ಮಾಲು ಕೊಳ್ಳುವವರು, ಬಡ್ಡಿ ವಸೂಲಿ ಮಾಡುವವರು. ಬೆವರು ಬಹುಪಾಲು ಇವರದೇ.

ಸೋಲ್ಜರ್ ಆಗಬೇಕಾದರೆ ತಂದೆಯ ಕಡೆಯಿಂದಾದರೂ ಇಟಾಲಿಯನ್ ರಕ್ತ ಇರಬೇಕು. ಹೆನ್ರಿ ಹಿಲ್ ಎಂಬವನು ಹುಡುಗನಾಗಿದ್ದಾಗಿನಿಂದ ಲುಕೇಸಿ ಕುಟುಂಬದ ಪಾಲ್ ವಾರಿಯೊ ಹತ್ತಿರ ದುಡಿದ. ತಾಯಿ ಸಿಸಿಲಿಯ ಮೂಲದವಳು, ಆದರೆ ತಂದೆ ಐರಿಷ್. ಹಾಗಾಗಿ ಎಷ್ಟು ದುಡಿದು ಕೊಟ್ಟರೂ ಅವನು ಹೊರಗಿನವನೇ. ಅರ್ಹತೆ ಇದ್ದವನ ಹೆಸರನ್ನು ಒಬ್ಬ ಸದಸ್ಯ ಮುಂದಿಡಬೇಕು, ಆ ಹೆಸರು ಉಳಿದ ಕುಟುಂಬಗಳ ನಡುವೆ ಓಡಾಡಬೇಕು, ಯಾರಿಗಾದರೂ ಹಳೆಯ ತಕರಾರು ಇದ್ದರೆ ಆಗಲೇ ಹೇಳಬೇಕು. 1957ರಿಂದ 1970ರ ದಶಕದ ಮಧ್ಯದವರೆಗೆ ಹೊಸಬರ ಸೇರ್ಪಡೆಯನ್ನೇ ನ್ಯೂಯಾರ್ಕ್ ಕುಟುಂಬಗಳು ನಿಲ್ಲಿಸಿದ್ದವು. ಇಪ್ಪತ್ತೈದು ವಯಸ್ಸಿಗೆ ಕಾಯಲು ಕುಳಿತವನು ನಲವತ್ತು ದಾಟಿದ ಮೇಲೂ ಕಾಯುತ್ತಲೇ ಇದ್ದ.

ಸೇರ್ಪಡೆಯ ವಿಧಿ ಏನೆಂದು ಈಗ ಊಹೆ ಮಾಡಬೇಕಾಗಿಲ್ಲ. 1989ರ ಅಕ್ಟೋಬರ್ 29ರಂದು ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ನಲ್ಲಿ, ಒಂದು ಮನೆಯೊಳಗೆ ನ್ಯೂ ಇಂಗ್ಲೆಂಡ್ ಭಾಗದ ಮಾಫಿಯಾ ಆದ ಪೆಟ್ರಿಯಾರ್ಕಾ ಕುಟುಂಬ ನಾಲ್ವರನ್ನು ಸೇರಿಸಿಕೊಂಡದ್ದನ್ನು ಎಫ್‌ಬಿಐ ಪೂರ್ತಿಯಾಗಿ ಧ್ವನಿಮುದ್ರಿಸಿತು. ಬೆರಳು ಚುಚ್ಚಿ ರಕ್ತ ತೆಗೆಯುವುದು, ಸಂತನ ಪಟವನ್ನು ಅಂಗೈಯಲ್ಲಿ ಸುಡುವುದು, ಗುಟ್ಟು ಬಿಟ್ಟರೆ ಹೀಗೇ ಸುಟ್ಟುಹೋಗುತ್ತೇನೆ ಎಂದು ಪ್ರಮಾಣ ಮಾಡುವುದು. ಗುಟ್ಟಿನ ಪ್ರಮಾಣವೇ ಸರ್ಕಾರದ ಟೇಪಿಗೆ ಸೇರಿತು.

ಇಷ್ಟೆಲ್ಲ ಆದ ಮೇಲೆ ಅವನಿಗೆ ಸಿಗುವುದೇನು? ನನ್ನ ದೃಷ್ಟಿಯಲ್ಲಿ, ಒಂದು ಪರವಾನಗಿ ಅಷ್ಟೆ. ಇನ್ನೊಬ್ಬ ಸದಸ್ಯ ಅವನ ಮೈಮುಟ್ಟುವಂತಿಲ್ಲ, ಅವನ ಗಿರಾಕಿಯನ್ನು ಕಸಿಯುವಂತಿಲ್ಲ. ಜಗಳ ಬಂದರೆ ಅವನ ಪರವಾಗಿ ಕ್ಯಾಪ್ಟನ್ ರಾಜಿ ಪಂಚಾಯ್ತಿಗೆ ಕೂರುತ್ತಾನೆ. ಅಸೋಸಿಯೇಟ್‌ಗೆ ಅಲ್ಲಿ ಬಾಯಿಯೇ ಇಲ್ಲ. ಅವನು ಯಾರ ಹೆಸರಿನಲ್ಲಿ ನಮೂದಾಗಿದ್ದಾನೋ ಆ ಸದಸ್ಯನೇ ಮಾತಾಡಬೇಕು, ಮತ್ತು ಆ ಮಾತಿಗೆ ಬೆಲೆ ಕಟ್ಟಿಸಿಕೊಳ್ಳುತ್ತಾನೆ. ಒಬ್ಬ ಅಸೋಸಿಯೇಟ್‌ಗೆ ಬರಬೇಕಾದ ಹಳೆಯ ಬಾಕಿಯನ್ನು ಪಂಚಾಯ್ತಿ ಕೊಡಿಸಿತು ಎಂದರೆ, ಕೊಡಿಸಿದವನಿಗೆ ಅದರಲ್ಲಿ ದೊಡ್ಡ ಪಾಲು. ನ್ಯಾಯ ಸಿಕ್ಕವನೂ ಅರ್ಧ ಕಳೆದುಕೊಂಡೇ ಎದ್ದುಬರುತ್ತಾನೆ.

ಇನ್ನು ದುಡಿಮೆ. ಕೆಳಹಂತದವನ ಹಳೆಯ ಹೊಟ್ಟೆಪಾಡು ನಂಬರ್ಸ್ ಆಟ. 000ರಿಂದ 999ರವರೆಗೆ ಒಂದು ಅಂಕಿ ಆರಿಸಿ ಹಣ ಕಟ್ಟುವುದು. ಗೆಲ್ಲುವ ಅಂಕಿಯನ್ನು ಯಾರೂ ಚೀಟಿ ಎತ್ತಿ ತೆಗೆಯುವುದಿಲ್ಲ. ರೇಸ್‌ಕೋರ್ಸಿನಲ್ಲಿ ಆ ದಿನ ಒಟ್ಟು ಕಟ್ಟಿದ ಬಾಜಿಯ ಮೊತ್ತ ಪತ್ರಿಕೆಯಲ್ಲಿ ಬರುತ್ತದೆ, ಅದರ ಕೊನೆಯ ಮೂರು ಅಂಕಿ. ಮೊತ್ತ 24,81,573 ಡಾಲರ್ ಆಗಿದ್ದರೆ ಆ ದಿನದ ನಂಬರ್ 573. ಎಲ್ಲರೂ ಓದಿ ತಾಳೆ ನೋಡಬಹುದಾದ್ದರಿಂದ ಆಡುವವರಿಗೆ ನಂಬಿಕೆ. ಆದರೆ ಆ ನಂಬಿಕೆಗೂ ಕನ್ನ ಬಿದ್ದದ್ದುಂಟು. 1930ರ ದಶಕದಲ್ಲಿ ನ್ಯೂಯಾರ್ಕ್ ಗ್ಯಾಂಗ್‌ಸ್ಟರ್ ಡಚ್ ಶುಲ್ಟ್ಸ್‌ನ ಲೆಕ್ಕಿಗ ಆಟೊ ಬರ್ಮನ್, ಕೊನೆ ಗಳಿಗೆಯಲ್ಲಿ ರೇಸಿನ ಮೇಲೆ ಲೆಕ್ಕ ಹಾಕಿ ಹಣ ಕಟ್ಟಿಸಿ, ಜನ ಹೆಚ್ಚು ಆಡಿದ ಅಂಕಿ ಬೀಳದಂತೆ ನೋಡಿಕೊಳ್ಳುತ್ತಿದ್ದ.

ನಮ್ಮ ಊರುಗಳ ಓ.ಸಿ. ಆಟಕ್ಕೂ ನ್ಯೂಯಾರ್ಕ್‌ಗೂ ನೇರ ನಂಟಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1960ರ ದಶಕದ ಆರಂಭದವರೆಗೆ ಮುಂಬೈನ ಜೂಜುಕೋರರು ಟೆಲಿಪ್ರಿಂಟರ್‌ನಲ್ಲಿ ಬರುತ್ತಿದ್ದ ನ್ಯೂಯಾರ್ಕ್ ಹತ್ತಿ ಪೇಟೆಯ ಓಪನ್ ಮತ್ತು ಕ್ಲೋಸ್ ದರಗಳ ಮೇಲೆ ಹಣ ಕಟ್ಟುತ್ತಿದ್ದರು. ಆ ದರ ಬರುವುದು ನಿಂತ ಮೇಲೆ ಮಡಕೆಯಿಂದ ಅಂಕಿ ಎತ್ತುವ ಮಟ್ಕಾ ಬಂತು, ಓಪನ್-ಕ್ಲೋಸ್ ಎಂಬ ಹೆಸರು ಮಾತ್ರ ಉಳಿದುಕೊಂಡು ಉತ್ತರ ಕರ್ನಾಟಕದ ಚಹಾದಂಗಡಿಗಳವರೆಗೂ ತಲುಪಿತು.

ನಂಬರ್ಸ್‌ನ ಲೆಕ್ಕ ನೋಡಿ. ಸಾವಿರ ಅಂಕಿಗೆ ಒಂದೊಂದು ಡಾಲರ್ ಬಂದಿತೆನ್ನಿ, ಒಟ್ಟು 1,000. ಗೆದ್ದವನಿಗೆ ಸಾಮಾನ್ಯವಾಗಿ ಒಂದಕ್ಕೆ 600, ಕೆಲವೆಡೆ 500. ಅಂದರೆ 400 ಉಳಿಯಿತು. ಮನೆಮನೆ, ಅಂಗಡಿ ಅಂಗಡಿ ಸುತ್ತಿ ಚೀಟಿ ಬರೆದುಕೊಂಡು ಬರುವ ರನ್ನರ್‌ಗೆ ಸುಮಾರು ಕಾಲು ಭಾಗ, 250. ಗೆದ್ದವನೂ ತನ್ನ ಹಣದಲ್ಲಿ ಹತ್ತರಲ್ಲೊಂದು ಪಾಲನ್ನು ರನ್ನರ್ ಕೈಗಿಡುವುದು ವಾಡಿಕೆ. ಆಟ ನಡೆಸಿ ಗೆದ್ದವರಿಗೆ ಹಣ ಕೊಡುವ, ಬ್ಯಾಂಕ್ ಎನಿಸಿಕೊಂಡವನಿಗೆ ಉಳಿದದ್ದು 150. ಪೊಲೀಸರ ಮಾಮೂಲಿ, ವಕೀಲರು, ಜಾಮೀನು, ಮೇಲಿನ ಪಾಲು ಎಲ್ಲವೂ ಅದರಲ್ಲೇ ಆಗಬೇಕು.

ಈ ಲೆಕ್ಕ ಕೆಡುವುದು ಜನ ಸಮನಾಗಿ ಹಂಚಿಕೊಂಡು ಆಡದೆ ಇರುವುದರಿಂದ. ಹಬ್ಬದ ತಾರೀಖು, ವಿಮಾನ ಬಿದ್ದರೆ ಅದರ ಸಂಖ್ಯೆ, ಕನಸಿನಲ್ಲಿ ಬಂದ ಅಂಕಿ ಎಂದು ಎಲ್ಲರೂ ಒಂದೇ ಕಡೆ ನುಗ್ಗುತ್ತಾರೆ. ಅಂಥ ಅಂಕಿಗೆ ಬ್ಯಾಂಕ್ ಕಡಿಮೆ ದರ ಕೊಡುತ್ತದೆ, ಇಲ್ಲವೆ ಹೆಚ್ಚುವರಿ ಭಾರವನ್ನು ದೊಡ್ಡ ಬ್ಯಾಂಕಿಗೆ ದಾಟಿಸುತ್ತದೆ. ದಾಟಿಸಲು ಮರೆತ ದಿನ, ಅಥವಾ ದುರಾಸೆಯಿಂದ ಇಟ್ಟುಕೊಂಡ ದಿನ ಅದೇ ಅಂಕಿ ಬಿದ್ದರೆ, ವರ್ಷದ ಗಳಿಕೆ ಒಂದು ಸಂಜೆಯಲ್ಲಿ ಹೋಗುತ್ತದೆ. ಗೆದ್ದವರಿಗೆ ಕೊಡದಿದ್ದರೆ ನಾಳೆಯಿಂದ ಯಾರೂ ಆಡುವುದಿಲ್ಲ. ಆದ್ದರಿಂದ ಸಾಲ ಮಾಡಿಯಾದರೂ ಕೊಡಬೇಕು, ಆ ಸಾಲ ಸಿಗುವುದು ಕುಟುಂಬದಲ್ಲೇ. 1930ರ ದಶಕದ ಆರಂಭದಲ್ಲಿ ಹಾರ್ಲೆಮ್ ಬಡಾವಣೆಯ ಕಪ್ಪುಜನಾಂಗದ ನಂಬರ್ಸ್ ಬ್ಯಾಂಕರ್‌ಗಳು ಹೀಗೆ ದೊಡ್ಡ ಹೊಡೆತ ತಿಂದು ಸಾಲಕ್ಕೆ ಕೈಚಾಚಿದಾಗಲೇ ಶುಲ್ಟ್ಸ್ ಅವರ ದಂಧೆಯನ್ನು ನುಂಗಿದ್ದು.

ಕ್ರೀಡಾ ಬೆಟ್ಟಿಂಗ್‌ನಲ್ಲಿ ಗಣಿತ ಇನ್ನೂ ಬಿಗಿ. 100 ಗೆಲ್ಲಲು 110 ಕಟ್ಟಬೇಕು. ಎರಡು ತಂಡಗಳ ಮೇಲೆ ಇಬ್ಬರು 110 ಕಟ್ಟಿದರೆ ಬುಕ್ಕಿ ಕೈಗೆ 220, ಗೆದ್ದವನಿಗೆ 210, ಉಳಿಯುವುದು 10. ಶೇಕಡಾ ನಾಲ್ಕೂವರೆ ಚಿಲ್ಲರೆ. ಕೆಳಹಂತದವನು ಇಲ್ಲಿ ಸ್ವಂತ ಬುಕ್ಕಿ ಆಗಿರುವುದು ಅಪರೂಪ. ಅವನು ಹತ್ತಿಪ್ಪತ್ತು ಗಿರಾಕಿಗಳನ್ನು ಹಿಡಿದು ಒಂದು ಬೆಟ್ಟಿಂಗ್ ಆಫೀಸಿಗೆ ಕೊಡುತ್ತಾನೆ. ಅವರು ಸೋತದ್ದರಲ್ಲಿ ಅರ್ಧ ಅವನಿಗೆ. ಕೇಳಲು ಚೆನ್ನಾಗಿದೆ. ಆದರೆ ಗಿರಾಕಿಗಳು ಗೆದ್ದ ವಾರ ಅವನ ಲೆಕ್ಕ ನಷ್ಟದ ಕೆಂಪಿಗೆ ಬೀಳುತ್ತದೆ, ಆ ಕೆಂಪು ತುಂಬುವ ತನಕ ಅವನಿಗೆ ಒಂದು ಡಾಲರೂ ಇಲ್ಲ. ಸತತ ಮೂರು ಭಾನುವಾರ ಜನ ನೆಚ್ಚಿದ ಫುಟ್‌ಬಾಲ್ ತಂಡಗಳೇ ಗೆದ್ದರೆ ಎರಡು ತಿಂಗಳು ಬಿಟ್ಟಿ ದುಡಿಮೆ. ಈ ನಡುವೆ ಗಿರಾಕಿಯೊಬ್ಬ ಸೋತು ಓಡಿಹೋದರೆ ಆಫೀಸಿಗೆ ಹೊಣೆ ಅವನೇ. ಇದೆಲ್ಲದರ ಮೇಲೆ, ಬೆಟ್ಟಿಂಗ್ ನಡೆಸುವವರಲ್ಲಿ ಬಹಳಷ್ಟು ಮಂದಿ ತಾವೂ ಆಡುತ್ತಾರೆ. ಹಗಲು ಗಿರಾಕಿಗಳಿಂದ ಬಂದದ್ದು ಸಂಜೆ ಇನ್ನೊಬ್ಬ ಬುಕ್ಕಿಯ ಕೈ ಸೇರುತ್ತದೆ. ಈ ವರ್ಗದ ಜನರ ಬಡತನಕ್ಕೆ ಪೊಲೀಸರಿಗಿಂತ ಜೂಜೇ ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ.

ಸಾಲದ ದಂಧೆಯನ್ನು ವಿವರಿಸಲು ನಮಗೆ ಹೊಸ ಪದ ಬೇಕಿಲ್ಲ, ಅದು ಮೀಟರ್ ಬಡ್ಡಿಯೇ. ದರವನ್ನು ವಾರಕ್ಕೆ ಇಷ್ಟು ಪಾಯಿಂಟ್ ಎಂದು ಹೇಳುತ್ತಾರೆ, ಒಂದು ಪಾಯಿಂಟ್ ಎಂದರೆ ವಾರಕ್ಕೆ ಶೇಕಡಾ 1. ಸಣ್ಣ ಕೈಸಾಲಕ್ಕೆ ಹಳೆಯ ಪದ್ಧತಿ ಇವತ್ತು ಐದು ಕೊಟ್ಟು ಮುಂದಿನ ವಾರ ಆರು ಪಡೆಯುವುದು. ದೊಡ್ಡ ಸಾಲಕ್ಕೆ ಬೀದಿಯಲ್ಲಿ ಮೂರರಿಂದ ಐದು ಪಾಯಿಂಟ್. 10,000 ಡಾಲರ್‌ಗೆ ಮೂರು ಪಾಯಿಂಟ್ ಎಂದರೆ ವಾರಕ್ಕೆ 300. ಅದು ಬರೀ ಬಡ್ಡಿ. ಒಂದು ವರ್ಷ ತಪ್ಪದೆ ಕಟ್ಟಿದವನು 15,600 ಕೊಟ್ಟಿರುತ್ತಾನೆ, ಅಸಲು 10,000 ಹಾಗೆಯೇ ನಿಂತಿರುತ್ತದೆ. ನ್ಯೂಯಾರ್ಕ್ ಕಾನೂನಿನಲ್ಲಿ ವರ್ಷಕ್ಕೆ ಶೇಕಡಾ 25 ದಾಟಿದ ಬಡ್ಡಿ ಕ್ರಿಮಿನಲ್ ಅಪರಾಧ. ಇದು ಶೇಕಡಾ 156.

ಹಾಗಾದರೆ ಸಾಲ ಕೊಡುವ ಸೋಲ್ಜರ್ ಶ್ರೀಮಂತನಾಗಬೇಕಲ್ಲ? ಅವನ ಕೈಯಲ್ಲಿರುವ ಹಣ ಅವನದಲ್ಲ. ಮೇಲಿನಿಂದ ಹಣ ಕಡಿಮೆ ದರದಲ್ಲಿ ಇಳಿದು ಬರುತ್ತದೆ, ಪ್ರತಿ ಮೆಟ್ಟಿಲಿನಲ್ಲೂ ದರ ಏರುತ್ತದೆ. ಕ್ಯಾಪ್ಟನ್‌ನಿಂದ ಒಂದು ಪಾಯಿಂಟ್‌ಗೆ 50,000 ತಂದು, ಹತ್ತು ಜನರಿಗೆ ತಲಾ 5,000ದಂತೆ ಮೂರು ಪಾಯಿಂಟ್‌ಗೆ ಕೊಟ್ಟನೆನ್ನಿ. ವಾರಕ್ಕೆ 1,500 ಬರುತ್ತದೆ, 500 ಮೇಲೆ ಹೋಗುತ್ತದೆ, 1,000 ಉಳಿಯುತ್ತದೆ. ಹತ್ತರಲ್ಲಿ ಇಬ್ಬರು ಊರು ಬಿಟ್ಟರು. ಈಗ ಬರುವುದು 1,200, ಮೇಲೆ ಹೋಗುವುದು ಅದೇ 500, ಉಳಿಯುವುದು 700. ಜೊತೆಗೆ ಮುಳುಗಿದ 10,000 ಅಸಲನ್ನು ತಾನು ತುಂಬಬೇಕು. ಒಂದು ಡಾಲರೂ ಖರ್ಚು ಮಾಡದೆ ಕುಳಿತರೆ ಹದಿನಾಲ್ಕು ಹದಿನೈದು ವಾರ. ಹೆಂಡತಿ ಮಕ್ಕಳಿದ್ದವನು ಖರ್ಚು ಮಾಡದೆ ಕುಳಿತಿರಲು ಸಾಧ್ಯವೇ? ಅವನೂ ಸಾಲಕ್ಕೆ ಬೀಳುತ್ತಾನೆ. ವಸೂಲಿಗೆ ಹೋದವನ ಕೋಪದ ಹಿಂದೆ ಇರುವುದು ಬಹಳ ಸಲ ತನ್ನ ಮೇಲಿನವನ ಭಯ.

ಹೊಡೆದರೆ ಹಣ ಬರುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಕೈ ಮುರಿದ ಬಡಗಿ ಕೆಲಸಕ್ಕೆ ಹೋಗಲಾರ, ಆಸ್ಪತ್ರೆಗೆ ಹೋದವನನ್ನು ಪೊಲೀಸರು ಪ್ರಶ್ನೆ ಕೇಳುತ್ತಾರೆ. ಪಳಗಿದ ಲೇವಾದೇವಿಯವನು ಮೊದಲು ಬಡ್ಡಿ ನಿಲ್ಲಿಸಿ ಅಸಲನ್ನಾದರೂ ಕಂತಿನಲ್ಲಿ ತರಿಸಿಕೊಳ್ಳಲು ನೋಡುತ್ತಾನೆ. ಸಾಲಗಾರನಿಗೆ ಅಂಗಡಿಯಿದ್ದರೆ ಅವನ ಗತಿ ಇನ್ನೂ ಕೆಟ್ಟದು. ಅಂಗಡಿಯೊಳಗೆ ಪಾಲುದಾರನಾಗಿ ಕಾಲಿಡುತ್ತಾರೆ, ಅಂಗಡಿಯ ಹೆಸರಿನಲ್ಲಿ ಉದ್ರಿ ಮಾಲು ತರಿಸಿ ಸಿಕ್ಕ ಬೆಲೆಗೆ ಮಾರುತ್ತಾರೆ, ಸಾಲಕೊಟ್ಟವರೆಲ್ಲ ಬಾಗಿಲಿಗೆ ಬರುವ ಹೊತ್ತಿಗೆ ಅಲ್ಲಿ ದಿವಾಳಿ ಅರ್ಜಿಯೊಂದನ್ನು ಬಿಟ್ಟು ಏನೂ ಇರುವುದಿಲ್ಲ. ಮೂವತ್ತು ವರ್ಷ ಕಟ್ಟಿ ಬೆಳೆಸಿದ ಮಾಂಸದಂಗಡಿ, ಹೋಟೆಲು, ಪೀಠೋಪಕರಣದ ಮಳಿಗೆಗಳು ಹೀಗೆ ಒಂದು ಋತುವಿನಲ್ಲಿ ಖಾಲಿಯಾಗಿವೆ. ಈ ಬದುಕಿನ ಬಗ್ಗೆ ಬರೆಯುವವರು ಆ ಅಂಗಡಿಯವನನ್ನು ಮರೆತುಬಿಡುವುದು ನನಗೆ ತುಂಬ ನೋವಿನ ಸಂಗತಿ.

ಮೇಲಕ್ಕೆ ಕೊಡುವ ಪಾಲಿಗೆ ಬರೆದಿಟ್ಟ ದರವಿಲ್ಲ, ಕಷ್ಟ ಇರುವುದೇ ಅಲ್ಲಿ. ಕ್ಯಾಪ್ಟನ್‌ಗೆ ವಾರದ ಅಥವಾ ತಿಂಗಳ ಲಕೋಟೆ, ಕ್ರಿಸ್‌ಮಸ್‌ಗೆ ದೊಡ್ಡ ಲಕೋಟೆ, ಮದುವೆ, ಹುಟ್ಟುಹಬ್ಬ, ಜೈಲಿಗೆ ಹೋದವನ ವಕೀಲರ ಖರ್ಚು. ಕಡಿಮೆ ಕೊಟ್ಟರೆ ಬಚ್ಚಿಡುತ್ತಿದ್ದಾನೆ ಎಂಬ ಅನುಮಾನ, ಹೆಚ್ಚು ಕೊಟ್ಟರೆ ಮುಂದಿನ ಸಲದಿಂದ ಅದೇ ಲೆಕ್ಕ. ಒಳ್ಳೆಯ ಗಳಿಕೆಯ ತಿಂಗಳನ್ನು ಯಾರಿಗೂ ಹೇಳುವಂತಿಲ್ಲ, ಕೆಟ್ಟ ತಿಂಗಳನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಇದನ್ನು ಹತ್ತಿರದಿಂದ ಕಂಡು ದಾಖಲಿಸಿದವನು ಎಫ್‌ಬಿಐನ ಜೋಸೆಫ್ ಪಿಸ್ಟೋನ್. 1976ರಿಂದ 1981ರವರೆಗೆ ಡಾನಿ ಬ್ರಾಸ್ಕೊ ಎಂಬ ಹೆಸರಿನಲ್ಲಿ, ಒಡವೆ ಕಳ್ಳನ ವೇಷದಲ್ಲಿ ಅವನು ಬೊನಾನೊ ಕುಟುಂಬದ ಒಳಗಿದ್ದ. ಅವನ ಗುರು ಬೆಂಜಮಿನ್ ರುಜಿಯೆರೊ, ಎಲ್ಲರ ಬಾಯಲ್ಲಿ ಲೆಫ್ಟಿ. ಕೊಲೆಗಳಲ್ಲಿ ಕೈಯಿದ್ದ, ಪ್ರಮಾಣ ಮಾಡಿದ ಸದಸ್ಯ. ವಾಸ ಮಾತ್ರ ಮ್ಯಾನ್‌ಹಾಟನ್‌ನ ನಿಕ್ಕರ್‌ಬಾಕರ್ ವಿಲೇಜ್ ಎಂಬ ಮಧ್ಯಮ ವರ್ಗದ ವಸತಿ ಸಮುಚ್ಚಯದ ಅಪಾರ್ಟ್‌ಮೆಂಟಿನಲ್ಲಿ. ಕುದುರೆ ಬಾಜಿಯ ಹುಚ್ಚಿನಿಂದ ಸದಾ ಸಾಲ. ಪಿಸ್ಟೋನ್ ಏನು ಗಳಿಸಿದರೂ ಅದರಲ್ಲಿ ಲೆಫ್ಟಿಗೆ ಪಾಲು, ಲೆಫ್ಟಿಯ ಪಾಲಿನಲ್ಲಿ ಮೇಲಿನವರಿಗೆ ಪಾಲು. ಹಣ ಎಲ್ಲಿ, ಯಾವಾಗ ಬರುತ್ತದೆ ಎಂದು ಲೆಫ್ಟಿ ಕೇಳದ ದಿನವಿರಲಿಲ್ಲ.

1978ರಲ್ಲಿ ಇವರು ಮಿಲ್ವಾಕಿಯಲ್ಲಿ ನಾಣ್ಯ ಹಾಕುವ ವೆಂಡಿಂಗ್ ಯಂತ್ರಗಳ ದಂಧೆ ಶುರುಮಾಡಲು ಹೊರಟರು. ಆ ಊರು ಅಲ್ಲಿನ ಮಾಫಿಯಾ ಬಾಸ್ ಫ್ರಾಂಕ್ ಬ್ಯಾಲಿಸ್ಟ್ರಿಯೆರಿಯದು. ಬೇರೆ ಕುಟುಂಬದ ನೆಲದಲ್ಲಿ ಒಂದು ಯಂತ್ರ ಇಡಬೇಕಾದರೂ ನ್ಯೂಯಾರ್ಕ್‌ನ ದೊಡ್ಡವರು ಅಲ್ಲಿನ ದೊಡ್ಡವರೊಂದಿಗೆ ಮಾತಾಡಿ ಒಪ್ಪಿಗೆ ಪಡೆಯಬೇಕು. ಪಡೆದರು, ಊಟ ಹಾಕಿಸಿಕೊಂಡರು, ಎಲ್ಲ ಕುದುರಿತು ಎನ್ನುವಾಗ ಬ್ಯಾಲಿಸ್ಟ್ರಿಯೆರಿ ಒಮ್ಮೆಗೇ ಬಾಗಿಲು ಮುಚ್ಚಿದ. ಕಾರಣ ಕೇಳುವ ಹಕ್ಕು ಸೋಲ್ಜರ್‌ಗೆ ಇಲ್ಲ. ತಿಂಗಳುಗಟ್ಟಲೆ ಓಡಾಟ, ವಿಮಾನದ ಖರ್ಚು, ಸಾಲ ಎಲ್ಲ ನೀರಿನಲ್ಲಿ ಹೋಮ.

1981ರ ಜುಲೈನಲ್ಲಿ ಎಫ್‌ಬಿಐ ಪಿಸ್ಟೋನ್‌ನನ್ನು ಹೊರಗೆ ತೆಗೆದು, ಅವನು ಯಾರೆಂಬುದನ್ನು ಬೊನಾನೊ ಗುಂಪಿನವರಿಗೇ ಹೋಗಿ ಹೇಳಿತು. ಅವನಿಗೆ ಆಸರೆ ಕೊಟ್ಟಿದ್ದ ಕ್ಯಾಪ್ಟನ್ ಡೊಮಿನಿಕ್ ನಪೊಲಿಟಾನೊನನ್ನು ಆಗಸ್ಟ್‌ನಲ್ಲಿ ಒಂದು ಸಭೆಗೆ ಕರೆದರು. ಒಂದು ವರ್ಷದ ಮೇಲೆ ಸ್ಟೇಟನ್ ಐಲೆಂಡ್‌ನಲ್ಲಿ ಸಿಕ್ಕ ಅವನ ಶವಕ್ಕೆ ಕೈಗಳಿರಲಿಲ್ಲ. ಲೆಫ್ಟಿಗೂ ಅದೇ ಸರದಿ ಇತ್ತು, ಎಫ್‌ಬಿಐ ಅವನನ್ನು ಆಗಸ್ಟ್ ಕೊನೆಯಲ್ಲಿ ಬಂಧಿಸಿದ್ದೇ ಜೀವ ಉಳಿಸಿತು. ಅವನು ಮಾಫಿ ಸಾಕ್ಷಿಯಾಗಲು ಒಪ್ಪಲಿಲ್ಲ. 15 ವರ್ಷದ ಶಿಕ್ಷೆ ಬಿತ್ತು, ಕ್ಯಾನ್ಸರ್ ಹಿಡಿದ ದೇಹದೊಂದಿಗೆ 1992ರಲ್ಲಿ ಹೊರಬಂದ, 1994ರಲ್ಲಿ ತೀರಿಕೊಂಡ. ಕರೆದ ತಕ್ಷಣ ಬರಬೇಕು, ಹೆಂಡತಿ ಹೆರಿಗೆ ನೋವಿನಲ್ಲಿದ್ದರೂ ಬರಬೇಕು ಎಂಬ ನಿಯಮವನ್ನು ಸೇರ್ಪಡೆಯ ದಿನವೇ ಹೇಳಿರುತ್ತಾರೆ. ಕೊಲ್ಲಲು ಕರೆಯುವುದೂ ಊಟಕ್ಕೆ ಕರೆಯುವುದೂ ಒಂದೇ ಮಾತಿನಲ್ಲಿ, ಕರೆಯುವವನು ಸಾಮಾನ್ಯವಾಗಿ ಆಪ್ತ ಗೆಳೆಯ.

ದೊಡ್ಡ ಬೇಟೆ ಸಿಕ್ಕರಾದರೂ ಕೆಳಗಿನವನ ಬಾಳು ಹಸನಾಗುತ್ತದೆಯೇ? 1978ರ ಡಿಸೆಂಬರ್ 11ರ ಬೆಳಗಿನ ಜಾವ ಕೆನಡಿ ವಿಮಾನ ನಿಲ್ದಾಣದ ಲುಫ್ತಾನ್ಸಾ ಗೋದಾಮಿನಿಂದ ಸುಮಾರು 50 ಲಕ್ಷ ಡಾಲರ್ ನಗದು, 8,75,000 ಡಾಲರ್‌ನ ಒಡವೆ ಹೋಯಿತು. ಆ ಕಾಲಕ್ಕೆ ಅಮೆರಿಕದ ಅತಿ ದೊಡ್ಡ ನಗದು ದರೋಡೆ. ದರೋಡೆಗೆ ಬಳಸಿದ ವ್ಯಾನನ್ನು ಗುಜರಿಗೆ ಒಯ್ದು ಇಲ್ಲವಾಗಿಸಬೇಕಾದವನು ಪಾರ್ನೆಲ್ ಎಡ್ವರ್ಡ್ಸ್. ಅವನು ಅದನ್ನು ಗೆಳತಿಯ ಮನೆ ಹತ್ತಿರ ನಿಲ್ಲಿಸಿ ಹೋದ, ಪೊಲೀಸರಿಗೆ ಬೆರಳಚ್ಚಿನ ಸಮೇತ ಸಿಕ್ಕಿತು. ಒಂದು ವಾರದಲ್ಲಿ ಅವನ ಹೆಣ ಬಿತ್ತು. ದರೋಡೆಯ ಸುಳಿವು ಮೊದಲು ತಂದ ಬುಕ್ಕಿ ಮಾರ್ಟಿನ್ ಕ್ರುಗ್‌ಮನ್ ತನ್ನ ಪಾಲು ಕೊಡಿ ಎಂದು ಪೀಡಿಸಿದ, ಜನವರಿಯಲ್ಲಿ ಕಾಣೆಯಾದ. ಮುಂದಿನ ತಿಂಗಳುಗಳಲ್ಲಿ ಇನ್ನೂ ಹಲವರು. ಯೋಜಕ ಜಿಮ್ಮಿ ಬರ್ಕ್‌ಗೆ ಪಾಲು ಕೊಡುವುದಕ್ಕಿಂತ ಪಾಲುದಾರರನ್ನು ಕಡಿಮೆ ಮಾಡುವುದು ಸುಲಭವೆನಿಸಿತು, ಸತ್ತವನು ಸಾಕ್ಷಿ ಹೇಳುವುದೂ ಇಲ್ಲ. ಈ ದರೋಡೆಯಲ್ಲಿದ್ದನೆಂದು ದಶಕಗಳ ನಂತರ ವಿಚಾರಣೆಗೆ ನಿಂತ ಬೊನಾನೊ ಸದಸ್ಯ ವಿನ್ಸೆಂಟ್ ಅಸಾರೊ, ಸೋದರ ಸಂಬಂಧಿ ಗುಟ್ಟಾಗಿ ಮಾಡಿದ ಧ್ವನಿಮುದ್ರಣದಲ್ಲಿ ತಮಗೆ ಬರಬೇಕಾದ ಹಣ ಬರಲೇ ಇಲ್ಲ, ಎಲ್ಲವನ್ನೂ ಜಿಮ್ಮಿಯೇ ಇಟ್ಟುಕೊಂಡ ಎಂದು ಗೋಳಾಡುತ್ತಾನೆ. 2015ರಲ್ಲಿ ಜ್ಯೂರಿ ಅವನನ್ನು ಖುಲಾಸೆ ಮಾಡಿತು. ಆಮೇಲೆ ಅವನು ಜೈಲಿಗೆ ಹೋದದ್ದು ರಸ್ತೆಯಲ್ಲಿ ತನ್ನ ಕಾರಿಗೆ ಅಡ್ಡ ಬಂದವನ ಕಾರನ್ನು 2012ರಲ್ಲಿ ಸುಡಿಸಿದ್ದಕ್ಕೆ. ಮುದುಕನ ಸಿಟ್ಟಿಗೆ ಬೆಂಕಿ ಹಚ್ಚಲು ಹೋದ ಹುಡುಗರೂ ಜೈಲು ಕಂಡರು.

ಹಗಲು ಕಳೆಯುವುದು ಕ್ಲಬ್ಬಿನಲ್ಲಿ. ಹೊರಗೆ ಬಣ್ಣ ಬಳಿದ ಗಾಜು, ಒಳಗೆ ಇಸ್ಪೀಟು, ಕಾಫಿ ಯಂತ್ರ. ಗ್ಯಾಂಬಿನೊ ಬಾಸ್ ಜಾನ್ ಗಾಟಿ ತನ್ನ ಕ್ಯಾಪ್ಟನ್‌ಗಳು ಮಲ್ಬೆರಿ ಬೀದಿಯ ರವೆನೈಟ್ ಕ್ಲಬ್ಬಿಗೆ ಬಂದು ಮುಖ ತೋರಿಸಲೇಬೇಕೆಂದು ಪಟ್ಟು ಹಿಡಿದ. ಬಾಸ್‌ಗೆ ಅದು ಗೌರವದ ಪ್ರಶ್ನೆ. ಎದುರಿನ ಕಟ್ಟಡದಲ್ಲಿ ಕ್ಯಾಮೆರಾ ಹಿಡಿದು ಕುಳಿತವರಿಗೆ ಕುಟುಂಬದ ಪಟ್ಟಿಯೇ ಕಾಲ್ನಡಿಗೆಯಲ್ಲಿ ಬಂದಂತಾಯಿತು. ಮೇಲಿನ ಮಹಡಿಯಲ್ಲಿ ವಿಧವೆಯೊಬ್ಬರ ಅಪಾರ್ಟ್‌ಮೆಂಟಿನಲ್ಲಿ ಗುಟ್ಟು ಮಾತಾಡುತ್ತಿದ್ದರು, 1989ರಲ್ಲಿ ಅಲ್ಲಿಗೂ ಮೈಕ್ ಹೋಯಿತು. 1992ರಲ್ಲಿ ಗಾಟಿ ಜೀವಾವಧಿಗೆ ಹೋದ. ಜೆನೊವೀಸ್ ಕುಟುಂಬದವರು ಇದಕ್ಕಿಂತ ಎಚ್ಚರ: ಬಾಸ್ ವಿನ್ಸೆಂಟ್ ಜಿಗಾಂಟೆ ಹೆಸರನ್ನು ಯಾರೂ ಬಾಯಲ್ಲಿ ಹೇಳುವಂತಿರಲಿಲ್ಲ, ಗಲ್ಲ ಮುಟ್ಟಿ ತೋರಿಸಬೇಕಿತ್ತು. ಬೊನಾನೊ ಬಾಸ್ ಜೋಸೆಫ್ ಮಸೀನೊಗೆ ಕಿವಿ ಮುಟ್ಟಬೇಕಿತ್ತು. ಕೆಳಗಿನವರಿಗೆ ಇಷ್ಟು ಕಟ್ಟುನಿಟ್ಟು ಹೇಳಿದ ಮಸೀನೊನೇ 2004ರಲ್ಲಿ ಶಿಕ್ಷೆಯಾದ ಕೂಡಲೇ ಸರ್ಕಾರದ ಸಾಕ್ಷಿಯಾದ, ನ್ಯೂಯಾರ್ಕ್‌ನ ಬಾಸ್‌ಗಳಲ್ಲೇ ಮೊದಲಿಗ.

ಬಾಯಿ ಬಿಡಿಸಿದ್ದು ಹೆದರಿಕೆಗಿಂತ ಶಿಕ್ಷೆಯ ಲೆಕ್ಕ. 1963ರಲ್ಲಿ ಸೆನೆಟ್ ಸಮಿತಿಯ ಮುಂದೆ, ಟಿವಿ ಕ್ಯಾಮೆರಾಗಳ ಎದುರು ಎಲ್ಲವನ್ನೂ ಹೇಳಿದ ಜೋ ವಲಾಚಿ ಸಾಮಾನ್ಯ ಸೋಲ್ಜರ್, 1930ರಲ್ಲಿ ಸೇರಿದವನು. ಜೈಲಿನಲ್ಲಿ ತನ್ನ ಬಾಸ್ ವಿಟೊ ಜೆನೊವೀಸ್ ತನ್ನನ್ನು ಕೊಲ್ಲಿಸುತ್ತಾನೆಂದು ನಂಬಿ, ಬೇರೊಬ್ಬ ಕೈದಿಯನ್ನು ಕೊಲೆಗಾರನೆಂದು ತಪ್ಪು ತಿಳಿದು ಕಬ್ಬಿಣದ ಕೊಳವೆಯಿಂದ ಹೊಡೆದು ಕೊಂದಿದ್ದ. ಅಂದು ಅವನು ಅಪವಾದ. ಏಕೆಂದರೆ ಜೂಜಿಗೋ ಬಡ್ಡಿಗೋ ಸಿಕ್ಕಿಬಿದ್ದವನಿಗೆ ಸಣ್ಣ ಶಿಕ್ಷೆ, ಅದರಲ್ಲೂ ಪೆರೋಲ್, ಅಂದರೆ ಅವಧಿಗೆ ಮುಂಚೆ ಷರತ್ತಿನ ಬಿಡುಗಡೆ. ಎರಡು ಮೂರು ವರ್ಷ ಬಾಯಿ ಮುಚ್ಚಿ ಕುಳಿತು ಬರಬಹುದಿತ್ತು. 1970ರ ರಿಕೊ ಕಾಯ್ದೆ ಇದನ್ನು ಬದಲಿಸಿತು: ಹತ್ತು ವರ್ಷದ ಅಂತರದೊಳಗೆ ಎರಡು ಅಪರಾಧ, ಅವು ಒಂದು ಸಂಘಟನೆಗೆ ಸೇರಿದ್ದು ಎಂದು ತೋರಿಸಿದರೆ 20 ವರ್ಷದವರೆಗೆ ಶಿಕ್ಷೆ, ಆಸ್ತಿ ಮುಟ್ಟುಗೋಲು. ಕೊಲೆಯಿದ್ದರೆ ಜೀವಾವಧಿ. 1987ರ ನವೆಂಬರ್‌ನಿಂದ ಫೆಡರಲ್ ಪೆರೋಲ್ ಕೂಡ ಇಲ್ಲವಾಯಿತು, ಹೇಳಿದ ಶಿಕ್ಷೆಯಲ್ಲಿ ಸುಮಾರು ಶೇಕಡಾ 85 ಕಳೆಯಲೇಬೇಕು. ನಲವತ್ತೈದರ ಸೋಲ್ಜರ್ ಆ ಲೆಕ್ಕ ಹಾಕಿದಾಗ ಅರವತ್ತು ದಾಟುತ್ತದೆ. ನಮ್ಮಲ್ಲೂ 2000ದ ಕೋಕಾ ಕಾಯ್ದೆ ಸಂಘಟಿತ ಅಪರಾಧಕ್ಕೆಂದೇ ಬಂತು, ಒಂಟಿ ಕೃತ್ಯ ಬಿಟ್ಟು ಗ್ಯಾಂಗನ್ನೇ ಹಿಡಿಯುವ ಆಲೋಚನೆ ಅಲ್ಲೂ ಇದೆ. ಅಮೆರಿಕದಲ್ಲಿ ಕಾಲವೂ ರಕ್ಷಣೆ ಕೊಡುವುದಿಲ್ಲ. 2011ರ ಜನವರಿ 20ರಂದು ಒಂದೇ ದಿನ 127 ಜನರ ಮೇಲೆ ಆರೋಪ ಹೊರಿಸಿದಾಗ, ಅದರಲ್ಲಿ 1981ರಲ್ಲಿ ಕ್ವೀನ್ಸ್‌ನ ಬಾರ್ ಒಂದರಲ್ಲಿ ಚೆಲ್ಲಿದ ಪಾನೀಯದ ಜಗಳಕ್ಕೆ ನಡೆದ ಜೋಡಿ ಕೊಲೆಯೂ ಇತ್ತು.

ಮನೆಯಲ್ಲಿರುವವಳ ಪಾಡು ಯಾವ ಆರೋಪಪಟ್ಟಿಯಲ್ಲೂ ಬರುವುದಿಲ್ಲ. ಗಂಡನ ಗಳಿಕೆ ನಗದಿನಲ್ಲಿ. ಬ್ಯಾಂಕ್ ಖಾತೆ, ಮನೆ, ಕಾರು ಅವನ ಹೆಸರಿನಲ್ಲಿ ಇಟ್ಟರೆ ತೆರಿಗೆ ಇಲಾಖೆ ಎಲ್ಲಿಂದ ಬಂತು ಎನ್ನುತ್ತದೆ. ಆದ್ದರಿಂದ ಅವಳ ಹೆಸರಿನಲ್ಲಿ, ಅತ್ತೆಯ ಹೆಸರಿನಲ್ಲಿ. ಮುಟ್ಟುಗೋಲಿನ ನೋಟಿಸು ಬರುವುದೂ ಅವರಿಗೇ. ಕಟ್ಟಡ ಕಾಮಗಾರಿ, ಬಂದರು, ಲಾರಿ ಕಾರ್ಮಿಕರ ಯೂನಿಯನ್‌ಗಳಲ್ಲಿ ಕುಟುಂಬದ ಕೈ ಇದ್ದ ಕಾಲದಲ್ಲಿ ಹಾಜರಾಗದೆ ಸಂಬಳ ಬರುವ ಕೆಲಸವನ್ನು ಎಲ್ಲರೂ ಬಯಸುತ್ತಿದ್ದುದು ಇದಕ್ಕೇ. ಸಂಬಳಕ್ಕಿಂತ ಹೆಚ್ಚಾಗಿ ಅದರಿಂದ ತೆರಿಗೆ ಪತ್ರ ಸಿಗುತ್ತಿತ್ತು, ಮಕ್ಕಳಿಗೆ ಆರೋಗ್ಯ ವಿಮೆ ಸಿಗುತ್ತಿತ್ತು, ಪೆರೋಲ್ ಅಧಿಕಾರಿಗೆ ತೋರಿಸಲು ಉದ್ಯೋಗ ಸಿಗುತ್ತಿತ್ತು. ಗಂಡ ಒಳಗೆ ಹೋದರೆ ಕುಟುಂಬ ನೋಡಿಕೊಳ್ಳುತ್ತದೆ ಎಂಬ ಮಾತೂ ಇದೆ. ಮೊದಲ ತಿಂಗಳುಗಳಲ್ಲಿ ಲಕೋಟೆ ಬರುತ್ತದೆ. ಆಮೇಲೆ ತಡವಾಗುತ್ತದೆ, ತೆಳುವಾಗುತ್ತದೆ. ಅವನ ಗಿರಾಕಿಗಳನ್ನು, ಅವನ ಸಾಲದ ಪುಸ್ತಕವನ್ನು ಅಷ್ಟರೊಳಗೆ ಇನ್ನೊಬ್ಬ ವಹಿಸಿಕೊಂಡಿರುತ್ತಾನೆ. ಸರ್ಕಾರದ ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿದರೆ ಹೊಸ ಹೆಸರು, ಹೊಸ ಊರು, ತಾಯಿಯ ಸಾವಿಗೂ ಬರಲಾಗದ ದೂರ.

ಹಳೆಯ ದುಡಿಮೆಗಳಲ್ಲಿ ಹಲವು ಈಗ ಸರ್ಕಾರದ್ದೇ ಆಗಿವೆ. ನ್ಯೂಯಾರ್ಕ್ ರಾಜ್ಯ 1980ರಲ್ಲಿ ತನ್ನದೇ ಮೂರಂಕಿ ಲಾಟರಿ ಶುರುಮಾಡಿತು. 2018ರ ಮೇ 14ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕ್ರೀಡಾ ಬೆಟ್ಟಿಂಗ್ ರಾಜ್ಯಗಳ ಕೈಗೆ ಬಂತು, 2022ರ ಜನವರಿಯಿಂದ ನ್ಯೂಯಾರ್ಕಿನವರು ಫೋನಿನಲ್ಲೇ ಕಾನೂನುಬದ್ಧವಾಗಿ ಆಡುತ್ತಾರೆ. ಕಸ ಸಾಗಣೆಯನ್ನು ನಗರ 1996ರಲ್ಲಿ ಹೊಸ ಆಯೋಗ ರಚಿಸಿ ಕುಟುಂಬಗಳ ಹಿಡಿತದಿಂದ ಬಿಡಿಸಿತು. ಹೀಗಿದ್ದೂ ಬೀದಿಯ ಬುಕ್ಕಿ ಪೂರ್ತಿ ಮುಳುಗಿಲ್ಲ. ಅವನ ಪುಸ್ತಕ ಈಗ ವಿದೇಶದ ಸರ್ವರಿನಲ್ಲಿರುವ ವೆಬ್‌ಸೈಟು, ಗಿರಾಕಿಗೆ ಒಂದು ಪಾಸ್‌ವರ್ಡ್, ಬುಕ್ಕಿ ತಲೆಗೆ ಇಷ್ಟೆಂದು ಸೈಟಿನವರಿಗೆ ಕೊಡುತ್ತಾನೆ. ಕಾನೂನಿನ ಆ್ಯಪ್‌ಗೆ ಮೊದಲು ಹಣ ಹಾಕಬೇಕು. ಬುಕ್ಕಿಯ ಹತ್ತಿರ ಕೈಯಲ್ಲಿ ಕಾಸಿಲ್ಲದೆಯೂ ಭಾನುವಾರ 5,000 ಕಟ್ಟಬಹುದು, ಲೆಕ್ಕ ಚುಕ್ತಾ ಮಾಡುವುದು ವಾರದ ನಡುವೆ. ಆ ದಿನ ಕೊಡಲಾಗದವನಿಗೆ ಬುಕ್ಕಿಯೇ ಒಂದು ದಾರಿ ತೋರಿಸುತ್ತಾನೆ: ಅದೇ ಬೀದಿಯಲ್ಲಿ, ಅದೇ ಕ್ಯಾಪ್ಟನ್ ಕೈಕೆಳಗೆ ಸಾಲ ಕೊಡುವ ಇನ್ನೊಬ್ಬ. ಬೆಟ್ಟಿಂಗ್ ಬಾಕಿ ಅಂದೇ ತೀರುತ್ತದೆ, ಸಾಲದ ಪುಸ್ತಕದಲ್ಲಿ ಹೊಸ ಹೆಸರು ಸೇರುತ್ತದೆ, ಬಡ್ಡಿ ಮುಂದಿನ ವಾರದಿಂದ ಓಡಲು ಶುರು.